ಅಗಸೆ ಎಣ್ಣೆಯ ಬಟ್ಟೆ

ಭಾನುವಾರ, ಮಾರ್ಚ್ ೯

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ನೀವು ನಿಮ್ಮ ತಂಗಿಯ ಮನೆಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ತಡವಾದದ್ದಕ್ಕೆ ಕಾರಣ ಹೇಳಹೊರಟರೆ ಎಲ್ಲವೂ ನೆಪದ ಹಾಗೆ ಕೇಳಿಸುತ್ತದೆ. ಆಸ್ಪತ್ರೆ, ಅಂಗಡಿ, ಮನೆ ಎಂದು ಓಡಾಟವಿದ್ದದ್ದು ನಿಜ. ಆದರೆ ಮನಸ್ಸಿದ್ದರೆ ಒಂದು ಕಾಗದ ಬರೆಯಲು ಎಷ್ಟು ಹೊತ್ತು ಬೇಕು? ಮನಸ್ಸಿರಲಿಲ್ಲ, ಅಷ್ಟೆ. ನಿಮ್ಮ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಆದರೆ ಆಗಿನ ಸಿಟ್ಟು ಬೇರೆ, ಈಗಿನದು ಬೇರೆ. ಅದನ್ನು ಹೇಳಲೆಂದೇ ಇವತ್ತು ರಜೆಯ ದಿನ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ಇಲ್ಲಿ ನಾವೆಲ್ಲ ಉಂಡು, ಓಡಾಡಿಕೊಂಡು ಇದ್ದೇವೆ. ಕ್ಷೇಮ ಎಂದು ಬರೆಯುವಷ್ಟು ಧೈರ್ಯ ಇನ್ನೂ ಬಂದಿಲ್ಲ. ನಿಮ್ಮ ಕೆಮ್ಮು ಹೇಗಿದೆ? ನಾನು ಕೆಲಸಕ್ಕೆ ಹೋಗುವ ಕನ್ನಡಕದಂಗಡಿಯಲ್ಲಿ ನಿಮ್ಮ ನಂಬರು ಬರೆದಿಟ್ಟಿದ್ದಾರೆ. ಗಾಜು ಗೀರಿಹೋಗಿದ್ದರೆ ಹೇಳಿ, ಹೊಸದು ಹಾಕಿಸಿ ಕಳಿಸುತ್ತೇನೆ. ಈ ಕಾಗದವನ್ನು ದಯವಿಟ್ಟು ನೀವೇ ಓದಿಕೊಳ್ಳಿ, ನಿಮ್ಮ ತಂಗಿಯ ಕೈಲಿ ಓದಿಸಬೇಡಿ.

ಮೊದಲು ನಿಮ್ಮ ಮೊಮ್ಮಗಳು ಬುಗುರಿಯ ವಿಷಯ. ಅವಳ ಬಲಗೈಯ ಕಟ್ಟು ಬಿಚ್ಚಿದ್ದಾರೆ. ಗಾಯ ಮಾಗಿದೆ. ಆದರೆ ಹೊಸ ಚರ್ಮ ಬಿಗಿಯಾಗಿ ಎಳೆದುಕೊಂಡಿದೆ, ಕಿರುಬೆರಳೂ ಅದರ ಪಕ್ಕದ್ದೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ಸ್ಪಂಜು ಹಿಂಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಸಂಜೆ ಬಕೆಟ್ಟಿನ ಮುಂದೆ ಕೂತು ಹಿಂಡುತ್ತಾಳೆ. ನೋವಾದರೆ ಅಳುವುದಿಲ್ಲ, ಹಾಡು ಗುನುಗುತ್ತಾಳೆ. ಅದು ನನಗೆ ಅಳುವಿಗಿಂತ ಕಷ್ಟ. ಎಡಗೈಯಲ್ಲಿ ಬರೆಯಲು ಕಲಿತಿದ್ದಾಳೆ. ಅಕ್ಷರಗಳೆಲ್ಲ ಗಾಳಿಗೆ ವಾಲಿದ ಬೇಲಿಯ ಹಾಗಿವೆ. ಟೀಚರು ಮಾತ್ರ “ಓದೋಕೆ ಬಂದ್ರೆ ಸಾಕು ಬಿಡಿ” ಎಂದರು. ಓದೋಕೂ ಬರುವುದಿಲ್ಲ, ಆದರೆ ಅವರು ಒಳ್ಳೆಯವರು.

ನಿಮ್ಮ ಹೆಸರು ಎತ್ತಿದರೆ ಅವಳು ಸುಮ್ಮನೆ ಎದ್ದು ಆಚೆ ಹೋಗುತ್ತಿದ್ದಳು. ತನ್ನನ್ನು ಸುಟ್ಟವರು ತಾತ ಎಂದು ಭಯ ಬಿದ್ದಿದ್ದಾಳೆ ಅಂದುಕೊಂಡಿದ್ದೆವು. ನಾವೂ ಒತ್ತಾಯ ಮಾಡಲಿಲ್ಲ.

ಇನ್ನು ಕೆಲಸದ ವಿಷಯ. ಹಿತ್ತಲಿನ ತಗಡಿನ ಶೆಡ್ಡು ಈಗಿಲ್ಲ. ಬೆಂಕಿಯಲ್ಲಿ ಉಳಿದದ್ದನ್ನು ಕಿತ್ತು ಗುಜರಿಗೆ ಕೊಟ್ಟೆವು. ಒಂದಷ್ಟು ದಿನ ಇವರು ಮರದ ಕೆಲಸವೇ ಬೇಡವೆಂದು ಕೈಕಟ್ಟಿ ಕೂತಿದ್ದರು. ಕೊನೆಗೆ ಬಂದೂಕಿನಂಗಡಿಯ ಯಜಮಾನರೇ ಮನೆಗೆ ಬಂದರು. ಸುಟ್ಟುಹೋದ ಮರದ ಬಗ್ಗೆ ಒಂದು ಮಾತೂ ಆಡಲಿಲ್ಲ. “ಕೂತು ಕೂತು ಕೈ ಮರಗಟ್ಟಿ ಹೋಗುತ್ತೆ ಕಣಯ್ಯ, ಮಾಡು” ಎಂದು ಕೆಲಸ ಕೊಟ್ಟು ಹೋದರು. ಮೊದಲಿನ ಹಾಗೇ ಬಂದೂಕಿನ ಕಬ್ಬಿಣವೆಲ್ಲ ಅವರ ಬೀರುವಿನಲ್ಲಿ, ಬೀಗದೊಳಗೆ. ಹೆಗಲಿಗೆ ಆನಿಸುವ ಮರದ ಹಿಡಿ ಮಾತ್ರ ಹಳೇ ಕಂಬಳಿ ಸುತ್ತಿಕೊಂಡು ನಮ್ಮ ಮನೆಗೆ. ಈಗ ಮುಂದಿನ ಜಗಲಿಯೇ ಕಾರ್ಖಾನೆ. ಬಂದವರೆಲ್ಲ ಪೇಂಟಿನ ಡಬ್ಬ ದಾಟಿಕೊಂಡು ಒಳಗೆ ಬರಬೇಕು.

ಮೊದಲ ಹಿಡಿ ಕೆಟ್ಟಿತು. ನಿಮಗೆ ನಗು ಬರಬಹುದು. ಹಳೇ ವಾರ್ನಿಷ್ ಕೆರೆದು ತೆಗೆದವರೇ ನೇರ ಬಣ್ಣ ಹಚ್ಚಿಬಿಟ್ಟರು. ಒಂದು ಕಡೆ ಕಪ್ಪಗೆ, ಒಂದು ಕಡೆ ಹಳದಿ, ಬಿಸಿಲಿಗೆ ಕೂತ ಬೆಕ್ಕಿನ ಹಾಗೆ ಮಚ್ಚೆ ಮಚ್ಚೆ. ಪೂರ್ತಿ ಉಜ್ಜಿ ತೆಗೆದು ಮತ್ತೆ ಮೊದಲಿಂದ ಶುರು ಮಾಡಿದರು. ಒದ್ದೆ ಬಟ್ಟೆಯಲ್ಲಿ ಮರ ಒರೆಸಿ, ಎದ್ದ ಎಳೆ ಒಣಗಿದ ಮೇಲೆ ನುಣುಪು ಉಪ್ಪುಕಾಗದದಲ್ಲಿ ತಿಕ್ಕಿ, ಮತ್ತೆ ಒರೆಸಿ, ಮತ್ತೆ ತಿಕ್ಕಿ. ಗುಳಿ ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ನನ್ನ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಮರವನ್ನು ಉಬ್ಬಿಸಿದರು. ಆ ಇಸ್ತ್ರಿಪೆಟ್ಟಿಗೆಯಿಂದ ನನ್ನ ಬಿಳೀ ರವಿಕೆಗೆ ಕಂದು ಬಣ್ಣ ಹತ್ತಿದ್ದು ಬೇರೆ ಕತೆ. ನೀವು ಹೇಳುತ್ತಿದ್ದ ಒಂದೊಂದೂ ಈಗ ಇವರ ಬಾಯಲ್ಲೇ ಬರುತ್ತಿತ್ತು. “ಬಣ್ಣ ಮರ ಕುಡೀಬೇಕು, ಮೇಲೆ ಕೂರಬಾರದು” ಎನ್ನುತ್ತಿದ್ದರು. ಯಾರ ಮಾತು ಅದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಿರಾಕಿಯೊಬ್ಬರು ಹಿಡಿಯ ಬಣ್ಣ ಸರಿಯಾಗಿ ತಮ್ಮ ಮೀಸೆಯ ಬಣ್ಣಕ್ಕೇ ಇರಬೇಕು ಎಂದರಂತೆ. ಇವರು ಅವರ ಮೀಸೆ ನೋಡಿದರೆ ಅದೂ ಬಣ್ಣ ಹಚ್ಚಿದ್ದೇ. “ಯಾವ ಡಬ್ಬಿ ಹಚ್ತೀರಿ ಸ್ವಾಮಿ, ಅದನ್ನೇ ಕೊಡಿ, ಸುಲಭ ಆಗುತ್ತೆ” ಎಂದು ಕೇಳಬೇಕು ಅನ್ನಿಸಿತಂತೆ. ಬೆಂಕಿಯ ನಂತರ ಇವರು ನಕ್ಕದ್ದು ಅದನ್ನು ಹೇಳುವಾಗ ಮಾತ್ರ.

ಈಗ ವಿಷಯಕ್ಕೆ ಬರುತ್ತೇನೆ.

ಹಿಂದಿನ ತಿಂಗಳು ಒಂದು ರಜೆಯ ದಿನ ಇವರು ಬೆಳಿಗ್ಗೆಯೇ ಹಿಡಿಗಳಿಗೆ ಅಗಸೆ ಎಣ್ಣೆ ಉಜ್ಜಿ ಮುಗಿಸಿದ್ದರು. ಎಣ್ಣೆ ಹೀರಿದ ಬಟ್ಟೆಯ ಚೂರುಗಳು ಅವರ ಅಭ್ಯಾಸದಂತೆ ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಮಗಳು ಬರಿಗಾಲಲ್ಲಿ ಓಡಾಡುತ್ತಾಳೆ, ಜಾರಿ ಬಿದ್ದಾಳು ಎಂದು ನಾನು ಜಗಲಿ ಗುಡಿಸಿ ಎಲ್ಲವನ್ನೂ ಒಂದು ಖಾಲಿ ಪೇಂಟಿನ ಡಬ್ಬದೊಳಗೆ ಒತ್ತಿ ತುಂಬಿ ಮೆಟ್ಟಿಲ ಪಕ್ಕ ಇಟ್ಟೆ. ಊಟವಾಗಿ, ಪಾತ್ರೆ ತೊಳೆದು, ಒಗೆದ ಬಟ್ಟೆ ಹರವಲು ಹೊರಗೆ ಬಂದರೆ ಏನೋ ವಾಸನೆ. ಸೌದೆ ಉರಿದ ವಾಸನೆಯಲ್ಲ, ಹುಳಿ ಹುಳಿ, ಮೂಗು ಕಟ್ಟುವಂಥದು. ಡಬ್ಬದ ಬಾಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ನಾನು ಕೂಗಿದೆ. ಇವರು ಬಂದು ಕೋಲಿನಿಂದ ಡಬ್ಬ ಉರುಳಿಸಿದರು. ಮೇಲಿನ ಚೂರುಗಳು ಹಾಗೇ ಇದ್ದವು. ಒಳಗಿನವು ಇದ್ದಿಲಿನ ಹಾಗೆ ಕಪ್ಪು, ನಡುವೆ ಒಂದು ಕಡೆ ಕೆಂಡದ ಹಾಗೆ ಮಿನುಗುತ್ತಿತ್ತು. ಗಾಳಿ ತಗುಲಿದ್ದೇ ಭಗ್ಗೆಂದಿತು. ನೀರು ಸುರಿದೆವು.

“ಇಲ್ಲಿ ಯಾರಾದ್ರೂ ಬಂದಿದ್ರಾ?” ಎಂದು ಕೇಳಿದರು.

“ಯಾರೂ ಇಲ್ಲ.”

“ನೀನು ಒಲೆಯ ಬೂದಿಗೀದಿ ಏನಾದ್ರೂ ಹಾಕಿದ್ಯಾ?”

“ನಮ್ಮನೇಲಿ ಗ್ಯಾಸು ಕಣ್ರೀ, ಬೂದಿ ಎಲ್ಲಿಂದ ಬರಬೇಕು?”

ಅವರು ರಸ್ತೆಯ ಆ ಕಡೆ ಈ ಕಡೆ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಏನು ಯೋಚನೆ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ನನಗೂ ಅದೇ ಯೋಚನೆ. ಶೆಡ್ಡೂ ಹೀಗೇ ಹೊತ್ತಿಕೊಂಡಿತ್ತೇ?

ಮಾರನೇ ದಿನ ನಾನು ಕೆಲಸದಿಂದ ಬೇಗ ಬಂದೆ. ಇವರು ಜಗಲಿಯಲ್ಲಿರಲಿಲ್ಲ. ಹಿತ್ತಲಿಗೆ ಹೋದರೆ, ಶೆಡ್ಡು ಇದ್ದ ಜಾಗದ ಕರಿಕಟ್ಟಿದ ನೆಲದ ಮೇಲೆ ಒಂದು ರಟ್ಟಿನ ಡಬ್ಬ. ಸ್ವಲ್ಪ ದೂರದಲ್ಲಿ ಕ್ರೇಟು ಬೋರಲು ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು. ಬೆಳಿಗ್ಗೆ ನಾನು ಮಾಡಿಟ್ಟುಹೋದ ತಿಂಡಿ ಮುಟ್ಟಿರಲಿಲ್ಲ.

“ಏನ್ರೀ ಇದು?” ಎಂದೆ.

“ಎಣ್ಣೆ ಬಟ್ಟೆ ತುಂಬಿಟ್ಟಿದ್ದೀನಿ. ಕಡ್ಡಿ ಗೀರಿಲ್ಲ. ಇಲ್ಲಿಂದ ಎದ್ದೂ ಇಲ್ಲ. ಬಾ, ಮುಟ್ಟಿ ನೋಡು.”

ಮುಟ್ಟಿದೆ. ರಟ್ಟು ಜ್ವರ ಬಂದ ಹಣೆಯ ಹಾಗೆ ಬಿಸಿಯಾಗಿತ್ತು. ನಾನೂ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಅವರು ನೀರು ಹಾಕಲಿಲ್ಲ. ರಟ್ಟು ಒಂದು ಮೂಲೆಯಲ್ಲಿ ಕಂದುಬಣ್ಣಕ್ಕೆ ತಿರುಗಿ, ತೂತು ಬಿದ್ದು, ಜ್ವಾಲೆ ಹೊರಗೆ ನಾಲಿಗೆ ಚಾಚುವವರೆಗೂ ನೋಡುತ್ತ ಕೂತಿದ್ದರು. ಆಮೇಲೆ ನಾನೇ ಎದ್ದು ಬಕೆಟ್ಟು ಬಗ್ಗಿಸಿದೆ.

ಅದರ ಮಾರನೇ ದಿನವೂ ಇನ್ನೊಂದು ಡಬ್ಬ ತುಂಬುತ್ತಿದ್ದರು. “ಸಾಕು ಬಿಡ್ರೀ, ಗೊತ್ತಾಯ್ತಲ್ಲ” ಎಂದೆ. ಅವರು ತಲೆ ಎತ್ತದೆ, “ಇನ್ನೊಂದ್ಸಲ ನೋಡ್ತೀನಿ. ಒಂದು ವೇಳೆ ಹೊತ್ತಿಕೊಳ್ಳದೇ ಇದ್ರೆ?” ಎಂದರು. ಹೊತ್ತಿಕೊಳ್ಳದಿರಲಿ ಎಂದೇ ಅವರು ದಿನವಿಡೀ ಅದರ ಮುಂದೆ ಕೂತಿದ್ದದ್ದು. ಅದು ಹೊತ್ತಿಕೊಂಡಿತು.

ಸಂಜೆ ಬಂದೂಕಿನಂಗಡಿಗೆ ಹೋದರು. ನಾನೂ ಜೊತೆಗೆ ಹೋದೆ, ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ಯಜಮಾನರು ಎಲ್ಲ ಕೇಳಿಸಿಕೊಂಡು, “ಅಗಸೆ ಎಣ್ಣೆ ಒಣಗೋವಾಗ ಕಾವು ಹುಟ್ಟುತ್ತೆ. ಬಟ್ಟೆ ಹರವಿದ್ರೆ ಆ ಕಾವು ಗಾಳಿಗೆ ಹೋಗುತ್ತೆ. ಮುದ್ದೆ ಮಾಡಿಟ್ರೆ ಒಳಗೊಳಗೇ ಬೆಳೆದು ಹೊತ್ಕೊಳ್ಳುತ್ತೆ. ನಮ್ಮ ಅಪ್ಪನ ಕಾಲದಲ್ಲಿ ಈ ಅಂಗಡಿ ಹಿಂದಿನ ಗೋದಾಮು ಹಾಗೇ ಸುಟ್ಟುಹೋಗಿತ್ತು” ಎಂದರು.

“ನಮ್ಮಪ್ಪನಿಗೆ ಇದು ಗೊತ್ತಿತ್ತಾ?” ಎಂದು ಇವರು ಕೇಳಿದರು.

“ಗೊತ್ತಿಲ್ದೆ ಏನು? ಆ ಗೋದಾಮಿನಿಂದ ಮರಗಳನ್ನ ಎಳೆದು ಹಾಕಿದವನೇ ಅವನು. ಅವತ್ತಿಂದ ಕೆಲಸ ಮುಗಿಸಿದ ಕೂಡಲೇ ಬಟ್ಟೆ ನೀರಲ್ಲಿ ಅದ್ದಿ ತಂತಿ ಮೇಲೆ ಹರವದೆ ಮನೆಗೆ ಹೋಗ್ತಿರಲಿಲ್ಲ. ನಿಂಗೆ ಹೇಳಿಲ್ವಾ?”

ಹೇಳಿದ್ದಿರಿ, ನಿಜ. “ಬಟ್ಟೆ ಹರವೋ” ಎಂದು ದಿನಾ ಅನ್ನುತ್ತಿದ್ದಿರಿ. ಯಾಕೆಂದು ಒಂದು ದಿನವೂ ಹೇಳಲಿಲ್ಲ. ಮಗ ಕೇಳಲಿಲ್ಲ ಎಂದು ಸಂಜೆ ನೀವೇ ಆಯ್ದು, ತೊಳೆದು, ಬೇಲಿಯ ತಂತಿಗೆ ಹಾಕುತ್ತಿದ್ದಿರಿ. ಪಕ್ಕದ ಮನೆಯವರು “ನಿಮ್ಮ ಮಾವ ಬಂದೂಕಿಗೂ ಒಳಚಡ್ಡಿ ಒಗೆದು ಹಾಕ್ತಾರಲ್ಲ” ಎಂದು ನಗುತ್ತಿದ್ದರು. ವಯಸ್ಸಾದವರ ಚಟ ಎಂದು ನಾನೂ ನಕ್ಕವಳೇ.

ಬೆಂಕಿ ಬಿದ್ದ ದಿನ ನಿಮಗೆ ಜ್ವರ. ನಾನು ಅಂಗಡಿಗೆ ಹೋಗಿದ್ದೆ. ಇವರು ಎಣ್ಣೆ ಉಜ್ಜಿ ಮುಗಿಸಿ, ತಯಾರಾದ ಹಿಡಿ ಕೊಟ್ಟುಬರಲು ಹೊರಟಿದ್ದರು. ನೀವು ಒಳಕೋಣೆಯಲ್ಲಿ ಮಲಗಿದ್ದಿರಿ. ಬುಗುರಿಯ ಕಿರುಚಾಟ ಕೇಳಿ ಎದ್ದು ಶೆಡ್ಡಿಗೆ ಓಡಿ, ಅವಳನ್ನು ಎತ್ತಿಕೊಂಡು ಹೊರಗೆ ಬಂದಿರಿ. ಮುಂದಿನದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ಗೋಡೆಗೆ ಒರಗಿ ನಿಂತಿದ್ದಿರಿ. ಹುಬ್ಬು ಸುಟ್ಟುಹೋಗಿತ್ತು, ಅಂಗಿಯ ತೋಳು ಕರಕಾಗಿತ್ತು. ಇವರು ಓಡಿಬಂದು “ಹೇಗಾಯ್ತು?” ಎಂದರು. ನೀವು ಒಂದು ಗಳಿಗೆ ಮಗನ ಮುಖ ನೋಡಿ, “ನನ್ನ ಸಿಗರೇಟು ಕಣೋ. ಆರಿಸದೆ ಆ ಡಬ್ಬಕ್ಕೆ ಎಸೆದೆ” ಎಂದಿರಿ.

ಎದೆನೋವು ಬಂದಾಗಿಂದ ನೀವು ಸಿಗರೇಟು ಬಿಟ್ಟಿದ್ದಿರಿ. ಕದ್ದು ಸೇದುತ್ತೀರಿ ಎಂದು ನಮಗೆಲ್ಲ ಅನುಮಾನವಿತ್ತು. ಅದಕ್ಕೇ ಒಂದೇ ಮಾತಿಗೆ ನಂಬಿದೆವು. ಇವರು ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯಲಾರೆ. “ಇನ್ಮೇಲೆ ನನ್ನ ಮಗಳ ಹತ್ತಿರ ಸುಳಿಯಬೇಡ” ಎಂದದ್ದು ನಿಮ್ಮ ಕಿವಿಯಲ್ಲಿ ಇನ್ನೂ ಇರಬಹುದು. ನೀವು ತಲೆ ತಗ್ಗಿಸಿ ಹಾಗೇ ಹೊರಟುಹೋದಿರಿ. ಮನೆಗೆ ಬಂದು ಬಟ್ಟೆಯನ್ನೂ ತೆಗೆದುಕೊಳ್ಳಲಿಲ್ಲ.

ಬಂದೂಕಿನಂಗಡಿಯಿಂದ ಇವರು ನನ್ನ ಜೊತೆ ವಾಪಸು ಹೊರಟರು. ಮನೆಯ ಹತ್ತಿರ ಬಂದಾಗ, “ಶೆಡ್ಡಿನ ಮೂಲೆಯ ಡಬ್ಬದೊಳಗೆ ಬಟ್ಟೆ ತುಂಬಿದವನು ನಾನಲ್ದೆ ಇನ್ಯಾರು? ನಂಗೆ ನೆನಪೂ ಇಲ್ಲ ನೋಡು. ಹೊರಡೋ ಆತುರದಲ್ಲಿ ಎಲ್ಲ ಬಾಚಿ ಹಾಕಿರಬೇಕು. ನನ್ನ ಮಗಳ ಕೈ ನಾನೇ ಸುಟ್ಟೆ. ಅಪ್ಪನಿಗೆ ಅವತ್ತೇ ಗೊತ್ತಿತ್ತು” ಎಂದರು. ಗೇಟು ಹಿಡಿದುಕೊಂಡು ಬೀದಿಯಲ್ಲೇ ನಿಂತು ಅತ್ತರು. ಎದುರು ಮನೆಯ ಟೈಲರು ಹೊರಗೆ ಬಂದವನು, ನೋಡಿ, ಏನೂ ಕಾಣದವನ ಹಾಗೆ ಒಳಗೆ ಹೋದ. ಅವನಿಗೆ ಒಳ್ಳೆಯದಾಗಲಿ.

ಹೋದ ವಾರ ಇವರು ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದಿದ್ದರು. ನಿಮಗೆ ಗೊತ್ತಿರಲಾರದು. ಬೀದಿಯ ಕೊನೆಯಲ್ಲಿ ನಿಂತು ನೋಡಿದರಂತೆ. ನೀವು ಬಾಗಿಲ ಮುಂದೆ ಯಾರದೋ ಮುರಿದ ಕುರ್ಚಿಗೆ ಉಪ್ಪುಕಾಗದ ತಿಕ್ಕುತ್ತಿದ್ದಿರಂತೆ. “ಒಂದು ಸಲ ತಲೆ ಎತ್ತಿದ್ರೆ ಹೋಗ್ತಿದ್ದೆ. ಎತ್ತಲೇ ಇಲ್ಲ” ಎಂದು ವಾಪಸು ಬಂದು ಹೇಳಿದರು. “ಕೂಗಬೇಕಿತ್ತು” ಎಂದೆ. “ಅಪ್ಪ ಅಂತ ಕೂಗೋಕೆ ಬಾಯಿ ಬರಲಿಲ್ಲ ಕಣೇ” ಎಂದರು.

ಇದಿಷ್ಟು ನಡೆದದ್ದು. ಈಗ ನನ್ನ ಸಿಟ್ಟಿನ ಮಾತು. ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನಿಮಗೆ ಎದುರಾಡಿದವಳಲ್ಲ. ಇವತ್ತು ಆಡುತ್ತೇನೆ, ತಾಳಿಕೊಳ್ಳಿ.

ನೀವು ಸುಳ್ಳು ಹೇಳಿದ್ದು ಮಗನಿಗಾಗಿ ಎಂದು ನಮಗೆ ಅರ್ಥವಾಗಿದೆ. ತನ್ನ ಮಗುವನ್ನು ತಾನೇ ಸುಟ್ಟೆ ಎಂಬ ಭಾರ ಅವನ ತಲೆಗೆ ಬೇಡ, ತನ್ನ ತಲೆಗೇ ಇರಲಿ ಎಂದುಕೊಂಡಿರಿ. ಬೇರೆ ಯಾರಾದರೂ ಕೇಳಿದರೆ ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ಆದರೆ ಮಾವ, ಕಾರಣ ಗೊತ್ತಿಲ್ಲದೆ ನಾವು ಮತ್ತೆ ಅದೇ ಎಣ್ಣೆ, ಅದೇ ಬಟ್ಟೆ ಇಟ್ಟುಕೊಂಡು ಅದೇ ಮನೆಯಲ್ಲಿ ಕೂತಿದ್ದೆವು. ಆ ದಿನ ನಾನು ಬಟ್ಟೆ ಹರವಲು ಹೊರಗೆ ಬಾರದೇ ಹೋಗಿದ್ದರೆ? ಆ ಡಬ್ಬವನ್ನು ಮೆಟ್ಟಿಲ ಪಕ್ಕ ಇಡುವ ಬದಲು ಒಳಗೆ, ಬುಗುರಿಯ ಮಂಚದ ಕೆಳಗೆ ತಳ್ಳಿದ್ದರೆ? ಖಾಲಿ ಡಬ್ಬಗಳನ್ನು ಅಲ್ಲೂ ಇಡುತ್ತಿದ್ದೆ. ಯಜಮಾನರ ಕೈಲಾದರೂ ಒಂದು ಮಾತು ಹೇಳಿಸಬಹುದಿತ್ತು. ಮಗನ ಮರ್ಯಾದೆ ಉಳಿಸಲು ಹೋಗಿ ಮಗನ ಮನೆಯನ್ನೇ ಮರೆತಿರಿ.

ಇನ್ನೊಂದು. ನಾವು ಏನನ್ನು ತಡೆದುಕೊಳ್ಳಬಲ್ಲೆವು, ಏನನ್ನು ತಡೆದುಕೊಳ್ಳಲಾರೆವು ಎಂದು ನೀವೊಬ್ಬರೇ ಲೆಕ್ಕ ಹಾಕಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಯಲ್ಲಿ ಒಬ್ಬರು ಕಡಿಮೆಯಾದರು, ಮಗುವಿಗೆ ತಾತ ಇಲ್ಲದಂತಾಯಿತು, ಇವರು ಹೆತ್ತಪ್ಪನನ್ನು ಬಾಯಿಗೆ ಬಂದಂತೆ ಬೈದು ಆ ಪಾಪವನ್ನೂ ಕಟ್ಟಿಕೊಂಡರು. ನಿಜ ಹೇಳಿದ್ದರೆ ಇವರು ಒಂದು ವರ್ಷ ಕುಗ್ಗುತ್ತಿದ್ದರು, ನಾವು ಮೂವರೂ ಸೇರಿ ಎತ್ತುತ್ತಿದ್ದೆವು. ಮನೆ ಅಂದರೆ ಮತ್ತಿನ್ನೇನು?

ಅದಕ್ಕೇ ನಾವಿಬ್ಬರೂ ಕೂತು ಮಾತಾಡಿದೆವು. ಇನ್ನು ಈ ಮನೆಯಲ್ಲಿ ಸುಳ್ಳು ಬೇಡ ಎಂದೆ. ಮೊದಲು ಮಗಳಿಗೆ ನಿಜ ಹೇಳಬೇಕು, ಆಮೇಲೆ ನಿಮ್ಮ ಮುಂದೆ ಬರಬೇಕು ಎಂದು ಇವರೂ ಒಪ್ಪಿದರು.

ನಿನ್ನೆ ಬೆಳಿಗ್ಗೆ ಬುಗುರಿಯನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಇವರೇ ಹೇಳಿದರು. “ತಾತನ ತಪ್ಪಲ್ಲ ಪುಟ್ಟಾ. ತಾತ ಸಿಗರೇಟು ಸೇದಿರಲೇ ಇಲ್ಲ. ಎಣ್ಣೆ ಬಟ್ಟೆನ ಮುದ್ದೆ ಮಾಡಿ ಡಬ್ಬದಲ್ಲಿ ತುಂಬಿದ್ರೆ ತಾನಾಗೇ ಹೊತ್ಕೊಳ್ಳುತ್ತಂತೆ. ನಂಗೆ ಗೊತ್ತಿರಲಿಲ್ಲ. ಅಪ್ಪನ ತಪ್ಪು ಅದು. ನಿನ್ನ ಕೈ ಸುಟ್ಟಿದ್ದು ನಾನು” ಎಂದರು. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ತುಂಬಿಟ್ರೆ ಮಾತ್ರನಾ? ನೆಲದ ಮೇಲೆ ಬಿದ್ದಿದ್ರೆ?” ಎಂದಳು.

“ಬಿದ್ದಿದ್ರೆ ಏನೂ ಆಗಲ್ಲ. ಮುದ್ದೆ ಮಾಡಿ ತುಂಬಿದ್ರೆ ಮಾತ್ರ.”

ಅವಳು ಹೂಂ ಎಂದು ತಲೆಯಾಡಿಸಿ ಒಳಗೆ ಹೋದಳು. ಅಷ್ಟೇ. ಅಳಲಿಲ್ಲ, ಅಪ್ಪನ ಮೇಲೆ ಮುನಿಸಿಕೊಳ್ಳಲೂ ಇಲ್ಲ. ಮಕ್ಕಳ ಮನಸ್ಸು ನಮ್ಮದರಷ್ಟು ಗಂಟಾಗಿರುವುದಿಲ್ಲ ಎಂದುಕೊಂಡೆವು. ಇವರು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದರು. ನನಗೂ ಎದೆ ಹಗುರವಾಗಿ ಈ ಕಾಗದ ಬರೆಯುವ ಧೈರ್ಯ ಬಂತು.

ಬರುವ ಶನಿವಾರ ಇವರು ನಿಮ್ಮನ್ನು ಕರೆತರಲು ಬರುತ್ತಾರೆ. ಈ ಸಲ ಬೀದಿಯ ಕೊನೆಯಿಂದ ವಾಪಸು ಬರುವುದಿಲ್ಲ, ಬಂದರೆ ನಾನೇ ಮನೆಗೆ ಸೇರಿಸುವುದಿಲ್ಲ ಎಂದಿದ್ದೇನೆ. ಅವರು ಮಾತಾಡಲು ತಡವರಿಸಬಹುದು. ನೀವೇ ತಲೆ ಎತ್ತಿ “ಬಾರೋ” ಎಂದುಬಿಡಿ. ಅಷ್ಟು ಮಾಡಿ ಸಾಕು. ನಿಮ್ಮ ಕೋಣೆ ಗುಡಿಸಿ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಜಗಲಿಯ ಮೇಲೆ ಎರಡು ಹಿಡಿಗಳು ಬಣ್ಣಕ್ಕೆ ಕಾಯುತ್ತಿವೆ. ಒಂದರ ಮರ ಎಷ್ಟು ಉಜ್ಜಿದರೂ ಒಂದೇ ಸಮ ಬರುತ್ತಿಲ್ಲ. ಇವರು ಅದನ್ನು ಮುಟ್ಟದೆ ಹಾಗೇ ಇಟ್ಟಿದ್ದಾರೆ, “ಅಪ್ಪ ನೋಡಲಿ” ಎಂದು.

ಕಟುವಾಗಿ ಬರೆದದ್ದನ್ನು ಮಗಳ ಮಾತು ಎಂದು ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ತಂಗಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ. ಮೊದಲು ನಿಮ್ಮ ಮಗನ ಮೇಲಿರಲಿ, ಅವರಿಗೆ ಈಗ ಅದು ಹೆಚ್ಚು ಬೇಕು.

ಇಂತಿ,
ನಿಮ್ಮ ಸೊಸೆ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಿಸಿಟ್ಟ ಮೇಲೆ ನಡೆದದ್ದು. ಸಂಜೆ ಬುಗುರಿಗೆ ಸ್ನಾನ ಮಾಡಿಸುತ್ತಿದ್ದೆ. ಬೆನ್ನಿಗೆ ನೀರು ಹಾಕುವಾಗ, ನನ್ನ ಕಡೆ ತಿರುಗದೆಯೇ ಅವಳು ಹೇಳಿದಳು: “ಅಮ್ಮ, ಡಬ್ಬದಲ್ಲಿ ತುಂಬಿದ್ದು ಅಪ್ಪ ಅಲ್ಲ. ನಾನು.”

ಆ ದಿನ ಇವರು ಬಟ್ಟೆಗಳನ್ನು ಎಂದಿನಂತೆ ನೆಲದ ಮೇಲೇ ಬಿಟ್ಟು ಹೋಗಿದ್ದರಂತೆ. ತಾತನಿಗೆ ಜ್ವರ, ತಾತನ ಕೆಲಸ ನಾನು ಮಾಡುತ್ತೇನೆ ಎಂದು ಇವಳು ಎಲ್ಲವನ್ನೂ ಆಯ್ದಳಂತೆ. ನೀರಲ್ಲಿ ಅದ್ದಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ, ತಂತಿ ಕೈಗೆ ಎಟುಕಲಿಲ್ಲ. ಚೆಂದಗೆ ಮಡಿಸಿ ಮಡಿಸಿ ಡಬ್ಬದಲ್ಲಿ ಜೋಡಿಸಿದಳಂತೆ. ಮಧ್ಯಾಹ್ನ ಹೋಗಿ ನೋಡಿದರೆ ಹೊಗೆ. ಬೈಸಿಕೊಳ್ಳುತ್ತೇನೆ ಎಂದು ಹೆದರಿ, ತೆಗೆದು ಎಸೆಯಲು ಕೈ ಒಳಗೆ ಹಾಕಿದಳಂತೆ. ನೀವು ಓಡಿಬಂದಾಗ ಅವಳ ಕೈ ಆ ಡಬ್ಬದೊಳಗೇ ಇತ್ತಂತೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನೀವು ಅವಳ ಕಿವಿಯಲ್ಲಿ, “ನೀನಲ್ಲ ಕಣೇ ಬುಗುರಿ, ನನ್ನ ಸಿಗರೇಟು ಅದು, ನೀನಲ್ಲ” ಎಂದು ಹೇಳುತ್ತಲೇ ಇದ್ದಿರಂತೆ. ಅವಳು ಇಷ್ಟು ದಿನ ಅದನ್ನು ನಂಬಿಕೊಂಡಿದ್ದಳು. ನಿನ್ನೆ ನಾವು ಅವಳಿಗೆ ನಿಜ ಹೇಳಿದೆವು.

ಮೇಲೆ ನಿಮಗೆ ಬರೆದ ಸಿಟ್ಟಿನ ಮಾತುಗಳನ್ನು ಹೊಡೆದುಹಾಕೋಣ ಎಂದುಕೊಂಡೆ. ಹಾಕಲಿಲ್ಲ, ನಾನು ಏನು ತಿಳಿದುಕೊಂಡಿದ್ದೆ ಎನ್ನುವುದು ನಿಮಗೂ ಗೊತ್ತಿರಲಿ. ಅಪ್ಪನಿಗೆ ಹೇಳಬೇಡ ಎಂದು ಅವಳು ನನ್ನ ಕೈ ಹಿಡಿದುಕೊಂಡಿದ್ದಾಳೆ. ಇವರಿಗೆ ಹೇಳಿದರೆ ಇವರ ಎದೆಯ ಭಾರ ಇಳಿಯುತ್ತದೆ, ಹೇಳದಿದ್ದರೆ ಅವಳ ಮಾತು ಉಳಿಯುತ್ತದೆ. ಸುಳ್ಳು ಬೇಡ ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದವಳು ನಾನು. ಈಗ ಬಾಯಿ ಮುಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದೇನೆ.

ಒರೆಸುವಾಗ ಅವಳು ಕೇಳಿದಳು, “ತಾತಂಗೆ ಗೊತ್ತಿತ್ತಾ ನಾನು ಅಂತ?” ಗೊತ್ತಿತ್ತು ಎಂದೆ. “ಮತ್ತೆ ಯಾಕೆ ನನ್ನ ಬೈಲಿಲ್ಲ?” ಎಂದಳು. ಶನಿವಾರ ತಾತ ಬರುತ್ತಾರೆ, ಅವರನ್ನೇ ಕೇಳು ಎಂದಿದ್ದೇನೆ.